ಚಿಕ್ಕೋನು ಬಿಟ್ಟುಹೋದ ಹನ್ನೊಂದು ಜನ

ಅಕ್ಟೋಬರ್ ೮

ದೊಡ್ಡೋನೆ,

ಆಶೀರ್ವಾದಗಳು. ಈ ಕಾಗದವನ್ನು ನಡುವೆ ಒಡೆದು ಓದುವ ಜೈಲಿನ ಸಾಹೇಬರಿಗೂ ನಮಸ್ಕಾರ. ಇದರಲ್ಲಿ ಗುಟ್ಟೇನೂ ಇಲ್ಲ ಸಾರ್, ಫುಟ್‌ಬಾಲಿನ ಮಾತು ಅಷ್ಟೇ.

ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಬರೆಯಲು ಕೂತರೆ ಯಾವ ಅಕ್ಷರಕ್ಕೆ ಒತ್ತು ಬರುತ್ತದೆ ಎಂಬ ಚಿಂತೆಯಲ್ಲೇ ಹೇಳಬೇಕಾದದ್ದು ಮರೆತುಹೋಗುತ್ತದೆ. ನಿನ್ನ ಫೋನನ್ನು ಪೊಲೀಸರು ವಾಪಸು ಕೊಟ್ಟಿದ್ದಾರೆ. ಚಾರ್ಜಿಗೆ ಹಾಕಿದರೆ ಬಿಸಿಯಾಗುತ್ತದೆ. ಎಲ್ಲಿ ಸಿಡಿದುಬಿಟ್ಟೀತೋ ಎಂದು ಸ್ಟೀಲ್ ತಟ್ಟೆಯ ಮೇಲಿಟ್ಟು ಪಕ್ಕದಲ್ಲೇ ಕಾಯುತ್ತಾ ಕೂರುತ್ತೇನೆ.

ನೀನು ಕೇಳಿದಂತೆ ನಿನ್ನ ಫ್ಯಾಂಟಸಿ ಲೀಗಿನ ತಂಡವನ್ನು ನಾನೇ ನೋಡಿಕೊಳ್ಳುತ್ತೇನೆ. ನನಗೆ ಅರ್ಥವಾದದ್ದು ಇಷ್ಟು, ತಪ್ಪಿದ್ದರೆ ತಿದ್ದು. ನಿಜವಾಗಿ ಆಡುವ ಬೇರೆ ಬೇರೆ ಕ್ಲಬ್ಬುಗಳಿಂದ ಹನ್ನೊಂದು ಜನರನ್ನು ನಾವು ಆರಿಸಿಕೊಳ್ಳುವುದು. ಅವರು ವಾರದ ಪಂದ್ಯದಲ್ಲಿ ಗೋಲು ಹೊಡೆದರೆ, ತಡೆದರೆ, ನಮಗೆ ಪಾಯಿಂಟು. ಕ್ಯಾಪ್ಟನ್ ಅಂತ ಗುರುತು ಹಾಕಿದವನಿಗೆ ಎರಡರಷ್ಟು. ವಾರಕ್ಕೊಬ್ಬನನ್ನು ಬದಲಿಸಬಹುದು, ಆದರೆ ಮೊದಲ ಪಂದ್ಯದ ಸೀಟಿ ಊದುವುದರೊಳಗೆ. ಬದಲಿಸದಿದ್ದರೆ ಹಳೇ ತಂಡವೇ ಮುಂದುವರಿಯುತ್ತದೆ. ಅಂದರೆ ನಾವು ಮನೆಯಲ್ಲಿ ಕೂತು ಬೇರೆಯವರ ಬೆವರಿಗೆ ಪಾಯಿಂಟು ಎಣಿಸುವುದು. ಸರಿ ತಾನೇ?

ನಿಮ್ಮ ಲೀಗು ನಡೆಸುವ ಸೈಕಲ್ ಅಂಗಡಿಯವನ ಹತ್ತಿರ ಹೋಗಿದ್ದೆ. ಅವನನ್ನು ನೀವೆಲ್ಲ ಅಧ್ಯಕ್ಷ ಎಂದು ಯಾಕೆ ಕರೆಯುತ್ತೀರಿ ಎಂದು ಈಗ ಗೊತ್ತಾಯಿತು. ಪಂಕ್ಚರ್ ಹಾಕುವಾಗಲೂ ಭಾಷಣ ಮಾಡುತ್ತಾನೆ. ಸೀಸನ್ನಿನ ಕಡೇ ದಿನ ಎಲ್ಲರೂ ಅವನ ಅಂಗಡಿಯಲ್ಲಿ ಸೇರುವುದಂತೆ, ಪಟ್ಟಿಯಲ್ಲಿ ಕಡೆಗೆ ಬಂದವನು ಗೋಲ್‌ಕೀಪರ್ ಕೈಗವಸು ತೊಟ್ಟುಕೊಂಡು ಎಲ್ಲರಿಗೂ ಟೀ ಹಂಚಬೇಕಂತೆ. ಅದನ್ನು ಕೇಳಿದಾಗಿನಿಂದ ನನಗೆ ಅನ್ನ ಇಳಿಯುತ್ತಿಲ್ಲ. ನನ್ನಿಂದ ನಿನ್ನ ಮಾನ ಹೋಗಬಾರದು.

ಅಮ್ಮ ಚೆನ್ನಾಗಿದ್ದಾಳೆ. ಪರದೆ ಹೊಲಿಯುವ ಕೆಲಸ ಕೈತುಂಬ ಇದೆ. ನಿನ್ನ ಕಾಗದವನ್ನು ಊಟದ ಮೇಜಿನ ಮೇಲೆ ಇಟ್ಟಿದ್ದೆ. ಮೇಜು ಒರೆಸುವಾಗ ಎತ್ತಿದಳು, ಒರೆಸಿದಳು, ಎಲ್ಲಿತ್ತೋ ಅಲ್ಲೇ ಇಟ್ಟಳು. ನೀನೂ ಎರಡು ಸಾಲು ಬರಿ ಎಂದೆ. ಸೂಜಿಗೆ ದಾರ ಪೋಣಿಸುತ್ತಿದ್ದಳು, ಕೇಳಿಸಲಿಲ್ಲವೇನೋ.

ನಿನ್ನ ಕೋಣೆಯ ಕಿಟಕಿಗೆ ಗಾಜು ಇದೆಯಾ? ಬಿರುಕು ಬಿಟ್ಟಿದ್ದರೆ ಅದರ ಕೆಳಗೆ ತಲೆಯಿಟ್ಟು ಮಲಗಬೇಡ. ಗಾಜಿನ ಅಂಗಡಿಯಲ್ಲಿ ಆಯಸ್ಸು ಕಳೆದವನು ಹೇಳುತ್ತಿದ್ದೇನೆ.

ನಿನ್ನ
ಅಪ್ಪ

ಅಕ್ಟೋಬರ್ ೨೬

ಅಪ್ಪಾ,

ಕಿಟಕಿಗೆ ಗಾಜಿಲ್ಲ, ಜಾಲರಿ ಇದೆ. ನಿಶ್ಚಿಂತೆಯಿಂದಿರು.

ನೀನು ಅರ್ಥ ಮಾಡಿಕೊಂಡದ್ದೆಲ್ಲ ಸರಿ. ಒಂದೇ ಮಾತು, ಮುಖ ನೋಡಿ ಕ್ಯಾಪ್ಟನ್ ಮಾಡಬೇಡ. ಹೋದ ವಾರ ಯಾರನ್ನು ಮಾಡಿದ್ದೆ ಎಂದು ಇಲ್ಲಿಗೆ ಬರುವ ಪೇಪರಿನ ಫೋಟೋ ನೋಡಿಯೇ ಊಹಿಸಿದೆ. ಆ ಗಡ್ಡದವನು ಒಳ್ಳೆಯ ಮನುಷ್ಯ ಇರಬಹುದು, ಆದರೆ ಅವನು ಗೋಲು ಹೊಡೆಯುವುದಿಲ್ಲ.

ಕಾಗದ ಬರುವ ದಿನ ಎಲ್ಲರ ಹೆಸರನ್ನೂ ಕೂಗುತ್ತಾರೆ. ನನ್ನ ಹೆಸರು ಕೂಗಿದಾಗ ಮೊದಲು ಅಕ್ಷರ ನೋಡುತ್ತೇನೆ. ಅಮ್ಮನ ಅಕ್ಷರ ಗುಂಡಗಿರುತ್ತದೆ. ಅವಳು ಬೈದು ಬರೆದರೂ ಆದೀತು, ಒಂದೇ ಸಾಲಾದರೂ ಆದೀತು.

ಚಿಕ್ಕೋನ ತಂಡ ಇನ್ನೂ ಪಟ್ಟಿಯಲ್ಲಿದೆಯಾ?

ದೊಡ್ಡೋನು

ನವೆಂಬರ್ ೧೫

ದೊಡ್ಡೋನೆ,

ಆಶೀರ್ವಾದ. ಸಾಹೇಬರಿಗೆ ನಮಸ್ಕಾರ.

ಇಲ್ಲಿ ಒಂದು ಪೇಚಾಟ ಬಂದಿದೆ. ನಿನ್ನ ತಂಡದ ಮುಂದಿನ ಸಾಲಿನಲ್ಲಿ ಜುಟ್ಟು ಕಟ್ಟಿಕೊಂಡು ಓಡುವವನಿದ್ದಾನಲ್ಲ, ಅವನ ಮೊಣಕಾಲು ಹೋಗಿದೆ. ಟೀವಿಯಲ್ಲಿ ನಾನೇ ನೋಡಿದೆ. ಹುಲ್ಲಿನ ಮೇಲೆ ಬಿದ್ದವನು ಮುಖ ಮುಚ್ಚಿಕೊಂಡ. ಸ್ಟ್ರೆಚರಿನ ಮೇಲೆ ಹೊತ್ತುಕೊಂಡು ಹೋದರು. ಫೋನಿನಲ್ಲಿ ಅವನ ಹೆಸರಿನ ಪಕ್ಕ ಕೆಂಪು ಗುರುತು ಬಂದಿದೆ. ಅಧ್ಯಕ್ಷ ಹೇಳಿದ, ತಕ್ಷಣ ಕಿತ್ತುಹಾಕಿ ಬೇರೊಬ್ಬನನ್ನು ತಗೊಳ್ಳಿ ಅಂತ. ನನಗೆ ಮನಸ್ಸು ಬರಲಿಲ್ಲ. ಬಿದ್ದ ದಿನವೇ ತೆಗೆದುಹಾಕುವುದೆಂದರೇನು? ಅವನಿಗೂ ತಂದೆತಾಯಿ ಇರುತ್ತಾರೆ. ಬರುವ ವಾರ ನೋಡೋಣ ಎಂದು ಬಿಟ್ಟಿದ್ದೇನೆ. ಹಿಂದಿನ ಸಾಲಿನ ಇನ್ನೊಬ್ಬನಿಗೂ ಸೊಂಟ ಹಿಡಿದಿದೆ. ಅವನನ್ನೂ ಬಿಟ್ಟಿದ್ದೇನೆ. ಹೀಗಾಗಿ ಸದ್ಯ ಒಂಬತ್ತು ಜನರಲ್ಲಿ ಸುಧಾರಿಸುತ್ತಿದ್ದೇವೆ.

ಅಂಗಡಿಯಲ್ಲಿ ದೊಡ್ಡ ಆರ್ಡರು ಬಂದಿದೆ, ಯಾವುದೋ ಆಫೀಸಿನ ಒಂದಿಡೀ ಗೋಡೆ. ಗಾಜಿನ ಮೇಲೆ ವಜ್ರದ ಮೊನೆ ಎಳೆದು ಮುರಿಯುವಾಗ ಈಗ ಕೈ ನಡುಗುತ್ತದೆ. ಮಾಲೀಕರು ಕೂತು ಮಾಡುವ ಕೆಲಸ ಕೊಟ್ಟಿದ್ದಾರೆ, ಅಂಚು ಉಜ್ಜುವುದು.

ತೀರ್ಪಿನ ದಿನ ನಾನೊಬ್ಬನೇ ಬರುತ್ತೇನೆ. ಅಮ್ಮನಿಗೆ ಅವತ್ತು ಪರದೆ ತಲುಪಿಸುವುದಿದೆ. ನಿನ್ನನ್ನು ಕೇಳುತ್ತಿರುತ್ತಾಳೆ. ಸ್ವೆಟರ್ ತರುತ್ತೇನೆ, ಒಳಗೆ ಬಿಡುತ್ತಾರೋ ಇಲ್ಲವೋ ಗೊತ್ತಿಲ್ಲ, ಬಿಡದಿದ್ದರೆ ಕಷ್ಟ, ಆದರೂ ತರುತ್ತೇನೆ.

ಅಪ್ಪ

ಡಿಸೆಂಬರ್ ೧೯

ಅಪ್ಪಾ,

ಅವತ್ತು ಕೋರ್ಟಿನಲ್ಲಿ ನೀನು ಹಿಂದಿನ ಬೆಂಚಿನಲ್ಲಿ ಸ್ವೆಟರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದು ಕಂಡಿತು. ಆರು ವರ್ಷ ಎಂದಾಗ ನೀನು ತಲೆಯಾಡಿಸಿದೆ, ಯಾರೋ ವಿಳಾಸ ಹೇಳಿದ ಹಾಗೆ. ನಾನೇ ತಪ್ಪೊಪ್ಪಿಕೊಂಡದ್ದು, ಅದಕ್ಕೆ ವಕೀಲರ ಮೇಲೆ ಕೋಪ ಮಾಡಬೇಡ.

ಗಾಯವಾದವರನ್ನು ತೆಗೆದುಹಾಕು. ಅವರಿಗೆ ನೋವಾಗುವುದಿಲ್ಲ ಅಪ್ಪಾ. ನೀನೆಂಬುವನೊಬ್ಬ ಇದ್ದೀಯ ಎಂದೇ ಅವರಿಗೆ ಗೊತ್ತಿಲ್ಲ. ಎಲ್ಲರೂ ತೆಗೆಯುತ್ತಾರೆ. ಆಟ ಇರುವುದೇ ಹಾಗೆ.

ಅಮ್ಮ ಕೇಳುತ್ತಿರುತ್ತಾಳೆ ಎಂದು ಬರೆಯಬೇಡ. ಏನು ಕೇಳಿದಳು ಎಂದು ನೀನು ಒಮ್ಮೆಯೂ ಬರೆದಿಲ್ಲ.

ಚಿಕ್ಕೋನ ತಂಡದ ಬಗ್ಗೆ ಕೇಳಿದ್ದೆ. ಅದಕ್ಕೂ ಉತ್ತರ ಇಲ್ಲ.

ದೊಡ್ಡೋನು

ಜನವರಿ ೧೧

ದೊಡ್ಡೋನೆ,

ಸಾಹೇಬರಿಗೆ ನಮಸ್ಕಾರ, ಇವತ್ತು ಕಾಗದ ಉದ್ದವಾಗುತ್ತದೆ, ಬೇಸರಿಸಬಾರದು.

ನೀನು ಕೇಳಿದ್ದಕ್ಕೆ ಉತ್ತರ ಕೊಡದೆ ಇದ್ದದ್ದು ಮರೆವಿನಿಂದಲ್ಲ. ಹೇಗೆ ಬರೆಯುವುದೆಂದು ತಿಳಿಯಲಿಲ್ಲ. ಚಿಕ್ಕೋನ ತಂಡ ಇದೆ. ಅಪಘಾತದಲ್ಲಿ ಅವನ ಜೊತೆಗೇ ಅವನ ಫೋನೂ ವ್ಯಾನಿನಲ್ಲೇ ಹೋಯಿತಲ್ಲ, ಅವನ ಪಾಸ್‌ವರ್ಡು ಯಾರಿಗೂ ಗೊತ್ತಿಲ್ಲ. ಹಾಗಾಗಿ ಆಗಸ್ಟಿನಲ್ಲಿ ಅವನು ಆರಿಸಿದ ಅದೇ ಹನ್ನೊಂದು ಜನ ಹಾಗೆಯೇ ನಿಂತಿದ್ದಾರೆ. ಅವರಿಗೇನು ಗೊತ್ತು, ವಾರವಾರವೂ ಆಡುತ್ತಾರೆ. ಪಾಯಿಂಟು ಬಂದು ಅವನ ಹೆಸರಿನ ಮುಂದೆ ಬೀಳುತ್ತದೆ. ಒಬ್ಬನಿಗೂ ಇಷ್ಟು ದಿನ ಒಂದು ಗೀರೂ ಆಗಿಲ್ಲ. ಈಗ ಪಟ್ಟಿಯಲ್ಲಿ ಅವನದು ನಾಲ್ಕನೆಯದು. ನಮ್ಮದು ಕಡೆಯದು.

ಹೋದ ಭಾನುವಾರ ಅಧ್ಯಕ್ಷ ಮನೆಗೆ ಬಂದಿದ್ದ. ಭಾಷಣ ಇಲ್ಲ, ಏನಿಲ್ಲ, ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತ. ಒಳಗೆ ಕರೆದು ಕೂರಿಸಿದೆ. ಹುಡುಗರಿಗೆಲ್ಲ ಪಟ್ಟಿ ತೆರೆದಾಗ ಒಂಥರಾ ಆಗುತ್ತದೆ, ಅವನ ತಂಡವನ್ನು ತೆಗೆದುಬಿಡಲೇ, ನಿಮ್ಮ ಒಪ್ಪಿಗೆ ಬೇಕು ಎಂದ. ನಾನು ಹೂಂ ಎನ್ನಲೂ ಆಗದೆ, ಉಹೂಂ ಎನ್ನಲೂ ಆಗದೆ, ಟೀ ಕುಡಿ ಎಂದೆ. ಒಳಗಿನ ಕೋಣೆಯಲ್ಲಿ ಹೊಲಿಗೆ ಮಿಷಿನ್ನಿನ ಸದ್ದು ನಿಂತಿತು. ಅಮ್ಮ ಹೊರಗೆ ಬಂದಳು, ಹೆಗಲ ಮೇಲೆ ಯಾರದೋ ಮನೆಯ ಹಸಿರು ಪರದೆ.

"ಯಾರ ತಂಡ?" ಅಂದಳು.

ಅಧ್ಯಕ್ಷ ನನ್ನ ಮುಖ ನೋಡಿದ. ಆಮೇಲೆ ಫೋನು ತೆಗೆದು ತೋರಿಸಿದ. ಚಿಕ್ಕೋನು ತಂಡಕ್ಕೆ ಏನು ಹೆಸರಿಟ್ಟಿದ್ದ ನಿನಗೆ ಗೊತ್ತಲ್ಲ, 'ಅಮ್ಮ ಬೈತಾಳೆ ಎಫ್‌ಸಿ' ಅಂತ. ಅವಳು ಅದನ್ನು ಓದಿದಳು. ನಗಲಿಲ್ಲ, ಅಳಲೂ ಇಲ್ಲ. ಬೆರಳಿನಿಂದ ಪರದೆಯ ಅಂಚು ಮಡಚುತ್ತಾ ನಿಂತಳು.

"ಇದು ಈಗಲೂ ನಡೀತಾ ಇದೆಯಾ?"

"ಹೂಂ ಅಮ್ಮ. ತಾನಾಗೇ ನಡೀತದೆ. ಈ ವಾರ ಇವನೇ ಎಲ್ಲರಿಗಿಂತ ಜಾಸ್ತಿ."

"ತೆಗೀಬೇಡಿ ಹಾಗಾದ್ರೆ."

ಅಷ್ಟೇ ಅಂದು ಒಳಗೆ ಹೋದಳು. ಅಧ್ಯಕ್ಷ ಹೋದ ಮೇಲೆ ನನಗೆ ಸ್ವಲ್ಪ ಧೈರ್ಯ ಬಂತು. ಇದೇ ಸಮಯ ಎಂದು ನಿನ್ನ ಹೆಸರು ಎತ್ತಿದೆ. ನೀನು ಅವಳ ಅಕ್ಷರಕ್ಕೆ ಕಾಯುತ್ತಿದ್ದೀಯ ಎಂದು ಹೇಳಿದೆ. ಅವಳು ಹೇಳಿದ್ದನ್ನು ಬರೆಯಬಾರದೆಂದು ಎರಡು ಸಲ ಪೆನ್ನು ಕೆಳಗಿಟ್ಟೆ. ಆದರೆ ನೀನೇ ಏನು ಕೇಳಿದಳು ಬರಿ ಎಂದಿದ್ದೀಯ. "ಬಸ್ಸು ತಪ್ಪಿತು ಅಂತ ಅಣ್ಣನ ವ್ಯಾನು ಹತ್ತಿದ. ಎರಡು ಪಾಳಿ ಓಡಿಸಿ ನಿದ್ದೆಗಣ್ಣಲ್ಲಿದ್ದೀನಿ, ಹತ್ತಬೇಡ ಅಂತ ಒಂದು ಮಾತು ಹೇಳೋಕೆ ಇವನ ಬಾಯಿಗೇನಾಗಿತ್ತು?" ಇದನ್ನೇ ಅಂದಳು.

ಬರೆದು ತಪ್ಪು ಮಾಡಿದೆನೋ ಏನೋ. ಸರಿಯಾಗಿ ಊಟ ಮಾಡು.

ಅಪ್ಪ

ಮಾರ್ಚ್ ೨

ದೊಡ್ಡೋನೆ,

ಫೆಬ್ರವರಿ ಪೂರ್ತಿ ನಿನ್ನಿಂದ ಕಾಗದವಿಲ್ಲ. ಜೈಲಿಗೆ ಫೋನು ಮಾಡಿ ವಿಚಾರಿಸಿದೆ, ಆರೋಗ್ಯವಾಗಿದ್ದಾನೆ ಎಂದರು. ಆರೋಗ್ಯವಾಗಿರುವವನು ಯಾಕೆ ಬರೆಯುತ್ತಿಲ್ಲ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಅಂಚೆ ತಪ್ಪಿತೋ, ಸ್ಟಾಂಪು ಕಡಿಮೆಯಾಯಿತೋ, ನಾನು ಬರೆದದ್ದೇ ಹೆಚ್ಚಾಯಿತೋ. ಸಾಹೇಬರೇ, ನೀವಾದರೂ ಅವನಿಗೆ ಒಂದು ಮಾತು ಹೇಳಿ.

ಒಂದು ಸಂಗತಿ ಇದೆ. ಅಮ್ಮ ಈಗ ವಾರದ ಪಂದ್ಯ ಮುಗಿದ ಮೇಲೆ ಫೋನು ಕೇಳುತ್ತಾಳೆ. ಬಾಯಿಬಿಟ್ಟು ಅಲ್ಲ, ಕೈ ಚಾಚುತ್ತಾಳೆ. ಕನ್ನಡಕ ಹಾಕಿಕೊಂಡು ಚಿಕ್ಕೋನ ಹನ್ನೊಂದು ಜನರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಾಳೆ. ಯಾರು ಎಷ್ಟು ಹೊತ್ತು ಆಡಿದರು, ಯಾರಿಗೆ ರೆಫರಿ ಹಳದಿ ಕಾರ್ಡು ತೋರಿಸಿದ. ಮೊನ್ನೆ ಟೀವಿಯಲ್ಲಿ ಅವನ ಮುದಿ ಗೋಲ್‌ಕೀಪರ್ ಕಂಡಾಗ, ಇವನು ಈಚೆಗೆ ಸೊರಗಿದ್ದಾನೆ ಎಂದಳು. ನಮ್ಮ ಮನೆಯವನ ಬಗ್ಗೆ ಹೇಳಿದ ಹಾಗೆ. ಚಿಕ್ಕೋನ ತಂಡ ಈಗ ಮೊದಲನೆಯದು. ಅಂಗಡಿಗೆ ಬರುವ ಗಿರಾಕಿಗಳಿಗೆಲ್ಲ ಹೇಳಬೇಕೆನಿಸುತ್ತದೆ. ಏನೆಂದು ಹೇಳಲಿ?

ನಮ್ಮದು ಕಡೆಯದೇ. ಜುಟ್ಟಿನವನು ಊರುಗೋಲು ಬಿಟ್ಟು ನಡೆಯುತ್ತಿದ್ದಾನೆ ಎಂದು ಪೇಪರಿನಲ್ಲಿತ್ತು. ಕಾದದ್ದು ಒಳ್ಳೆಯದೇ ಆಯಿತು.

ಎರಡೇ ಸಾಲು ಬರಿ.

ಅಪ್ಪ

ಏಪ್ರಿಲ್ ೨೦

ಅಪ್ಪಾ,

ಅಂಚೆ ತಪ್ಪಿಲ್ಲ. ಸ್ಟಾಂಪೂ ಸರಿಯಿತ್ತು. ಬರೆಯಲು ಕೂತರೆ ಅಮ್ಮನ ಮಾತೇ ಎದುರಿಗೆ ಬಂದು ಕೂರುತ್ತಿತ್ತು. ಅವಳು ಕೇಳಿದ್ದು ಸರಿಯಾಗಿಯೇ ಇದೆ. ಇದನ್ನು ಅವಳಿಗೆ ಹೇಳು. ಹೇಳದಿದ್ದರೂ ಸರಿ.

ಇಲ್ಲಿ ಅಡುಗೆಮನೆಯ ಕೆಲಸ ಕೊಟ್ಟಿದ್ದಾರೆ. ದೊಡ್ಡ ಪಾತ್ರೆ ತೊಳೆಯುವುದು. ಕೈ ಬಿಸಿನೀರಿನಲ್ಲಿ ಇರುತ್ತದೆ, ತಲೆ ಖಾಲಿ ಇರುತ್ತದೆ.

ಚಿಕ್ಕೋನ ತಂಡ ಮೊದಲನೆಯದು ಎಂದು ಓದಿ ಕಾಗದವನ್ನು ಮಡಚಿ ಇಟ್ಟೆ. ಮತ್ತೆ ತೆಗೆದು ಅದೊಂದೇ ಸಾಲು ಓದಿದೆ. ಅವನೇ ಇದ್ದಿದ್ದರೆ ಈ ಹೊತ್ತಿಗೆ ಎಲ್ಲವನ್ನೂ ಬದಲಿಸಿ ಕೆಡಿಸಿರುತ್ತಿದ್ದ. ಪ್ರತಿ ವಾರವೂ ಮರೆಯುತ್ತಿದ್ದ, ಸೀಟಿ ಊದುವ ಮುಂಚೆ ನಾನೇ ಫೋನು ಮಾಡಿ ಬೈಯುತ್ತಿದ್ದೆ, ಕ್ಯಾಪ್ಟನ್ ನೋಡ್ಕೊಂಡ್ಯೇನೋ ಕತ್ತೆ ಎಂದು. ಆಮೇಲೆ ಅವನೇ ನನ್ನನ್ನು ಸೋಲಿಸುತ್ತಿದ್ದ.

ಕಡೇ ವಾರ ಜಾಗ್ರತೆ. ಕಪ್ ಗೆದ್ದಾಗಿದ್ದರೆ ದೊಡ್ಡ ಕ್ಲಬ್ಬುಗಳು ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಡುತ್ತವೆ. ನಮ್ಮ ಕ್ಯಾಪ್ಟನ್‌ನನ್ನು ಬದಲಿಸು. ಚಿಕ್ಕೋನ ತಂಡಕ್ಕೆ ಏನೂ ಮಾಡುವ ಹಾಗಿಲ್ಲ.

ದೊಡ್ಡೋನು

ಮೇ ೨೯

ದೊಡ್ಡೋನೆ,

ಸೀಸನ್ನು ಮುಗಿಯಿತು. ಹಿಂತಿರುಗಿ ನೋಡಿದರೆ ನಾನು ಮಾಡಿದ್ದರಲ್ಲಿ ಸರಿಯಾದದ್ದು ಏನೂ ಇಲ್ಲ. ಗಡ್ಡದವನನ್ನು ನಂಬಿದೆ, ಜುಟ್ಟಿನವನನ್ನು ಕಾದೆ. ಅವನು ವಾಪಸು ಬಂದ ವಾರ ನಾನೇ ಗಾಬರಿಯಲ್ಲಿ ಬೇರೆ ಗುಂಡಿ ಒತ್ತಿ ಅವನನ್ನು ತಂಡದಿಂದ ಕಳೆದುಕೊಂಡೆ. ಆ ವಾರ ಅವನು ಎರಡು ಗೋಲು ಹೊಡೆದ. ಖುಷಿಪಡಬೇಕೋ ಅಳಬೇಕೋ ತಿಳಿಯಲಿಲ್ಲ. ನಿನ್ನ ತಂಡ ಕಡೆಯ ಸ್ಥಾನ ಬಿಟ್ಟು ಅಲ್ಲಾಡಲಿಲ್ಲ. ನೀನು ಬಯ್ಯಬಹುದು.

ಕಡೇ ದಿನ ಸೈಕಲ್ ಅಂಗಡಿಗೆ ಹೊರಟಾಗ ಅಮ್ಮ ಸೀರೆ ಬದಲಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಎಲ್ಲಿಗೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಜೊತೆಯಲ್ಲೇ ಬಂದಳು. ಹುಡುಗರೆಲ್ಲ ಎದ್ದು ನಿಂತರು. ಟೈರುಗಳನ್ನು ಸರಿಸಿ, ಸ್ಟೂಲು ಒರೆಸಿ ಅವಳಿಗೆ ಕೊಟ್ಟರು. ನಾನು ಕೈಗವಸು ತೊಟ್ಟುಕೊಂಡೆ. ಯಾರೂ ಬಲವಂತ ಮಾಡಲಿಲ್ಲ, ಬೇಡಿ ಅಂಕಲ್ ಎಂದರು. ನಿಯಮ ನಿಯಮವೇ ಅಲ್ಲವೇ. ಆ ದಪ್ಪ ಬೆರಳುಗಳಲ್ಲಿ ಲೋಟ ನಿಲ್ಲುವುದಿಲ್ಲ, ಅಧ್ಯಕ್ಷನ ಪ್ಯಾಂಟಿನ ಮೇಲೆ ಚೆಲ್ಲಿದೆ. ಆಗ ಸ್ವಲ್ಪ ನಗು ಬಂತು ಎಲ್ಲರಿಗೂ.

ಪಂದ್ಯ ಶುರುವಾಗುವ ಹೊತ್ತಿಗೂ ಚಿಕ್ಕೋನೇ ಮೊದಲು. ಅಧ್ಯಕ್ಷ ಅವನ ಬೆನ್ನಿಗೇ ಇದ್ದ. ಟೀವಿಯಲ್ಲಿ ಆಟಗಾರರು ಸಾಲಾಗಿ ಮೈದಾನಕ್ಕಿಳಿದರು. ಚಿಕ್ಕೋನ ಕ್ಯಾಪ್ಟನ್ ಆ ಸಾಲಿನಲ್ಲಿ ಇರಲಿಲ್ಲ. ಕೋಟು ಹಾಕಿಕೊಂಡು ಬೆಂಚಿನಲ್ಲಿ ಕೂತು ಪಕ್ಕದವನ ಜೊತೆ ನಗುತ್ತಿದ್ದ. ನೀನು ಹೇಳಿದ ಹಾಗೇ ಆಯಿತು. ಸೊನ್ನೆಗೆ ಎರಡರಷ್ಟು ಅಂದರೆ ಸೊನ್ನೆಯೇ.

"ಇವನ್ಯಾಕೆ ಕೂತಿದ್ದಾನೆ?" ಎಂದು ಅಮ್ಮ ಕೇಳಿದಳು.

"ರೆಸ್ಟ್ ಕೊಟ್ಟಿದ್ದಾರೆ ಅಮ್ಮ," ಎಂದ ಅಧ್ಯಕ್ಷ. "ಮೊನ್ನೆಯಿಂದ್ಲೇ ಸುದ್ದಿಯಿತ್ತು. ನಾವೆಲ್ಲ ಕ್ಯಾಪ್ಟನ್ ಬದಲಾಯಿಸ್ಕೊಂಡ್ವಿ."

ಅವಳು ಟೀವಿಯನ್ನೇ ನೋಡುತ್ತಿದ್ದಳು.

"ಚಿಕ್ಕೋನಿಗೆ ಯಾರೂ ಹೇಳಲಿಲ್ವಾ?"

ಕೇಳಿದ ಮೇಲೆ ಅವಳಿಗೇ ಗೊತ್ತಾಗಿರಬೇಕು, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಪಂದ್ಯ ಮುಗಿಯುವಾಗ ಚಿಕ್ಕೋನು ಎರಡನೆಯ ಸ್ಥಾನಕ್ಕೆ ಇಳಿದಿದ್ದ. ಗೆದ್ದವನು ಅಧ್ಯಕ್ಷ. ಅವನು ಗೆಲ್ಲಬಾರದವನಂತೆ ತಲೆ ತಗ್ಗಿಸಿಕೊಂಡು ಒಂದು ಚೈನಿಗೆ ಎಣ್ಣೆ ಹಾಕತೊಡಗಿದ. ಒಣಗಿದ ಚೈನಲ್ಲ ಅದು, ಹೊಸದು.

ದಾರಿಯಲ್ಲಿ ಅಮ್ಮ ಬೇಗಬೇಗ ನಡೆದಳು, ನಾನು ಹಿಂದೆ. ಬೇಕರಿಯ ತಿರುವಿನಲ್ಲಿ ನಿಂತುಬಿಟ್ಟಳು. "ದೊಡ್ಡೋನು ಇದ್ದಿದ್ರೆ ಫೋನ್ ಮಾಡಿ ಹೇಳ್ತಿದ್ದ," ಎಂದಳು. ಎಷ್ಟೋ ತಿಂಗಳ ಮೇಲೆ ನಿನ್ನನ್ನು ಹಾಗೆ ಕರೆದಳು, ಮನೆಯಲ್ಲಿ ಕರೆಯುವ ಹಾಗೆ. ಹೌದು, ಪ್ರತಿ ವಾರ ಹೇಳುತ್ತಿದ್ದ ಎಂದೆ. ಅವಳು ಗೋಡೆಗೆ ಕೈಯಿಟ್ಟು ಅತ್ತಳು. ನನಗೆ ಏನು ಮಾಡಬೇಕೋ ತೋಚಲಿಲ್ಲ. ಕೈಗವಸು ಇನ್ನೂ ಕೈಯಲ್ಲೇ ಇತ್ತು, ಅದರಲ್ಲೇ ಅವಳ ಬೆನ್ನು ಸವರಿದೆ. ಜನ ನೋಡಿದರು, ನೋಡಲಿ.

ಇದರಿಂದ ಏನಾದರೂ ಆಗುತ್ತದೆಂದು ನಾನು ಹೇಳುತ್ತಿಲ್ಲ. ಆಸೆ ಹುಟ್ಟಿಸಿ ಆಮೇಲೆ ಇಲ್ಲವಾದರೆ ನಿನಗೆ ಕಷ್ಟ, ನನಗೂ. ನಡೆದದ್ದನ್ನು ಬರೆದೆ, ಅಷ್ಟೇ.

ಅಪ್ಪ

ಜೂನ್ ೨೪

ನಿಮ್ಮಪ್ಪ ಕಾಗದ ಬರೆಯುವಾಗೆಲ್ಲ ನಾನು ನೋಡುತ್ತಿರುತ್ತೇನೆ. ತಪ್ಪು ಬರೆದು ಹರಿದುಹಾಕುತ್ತಾರೆ, ಮತ್ತೆ ಬರೆಯುತ್ತಾರೆ. ನಾನು ಒಂದೇ ಸಲ ಬರೆಯುತ್ತೇನೆ.

ಈ ಕಾಗದ ಕಂಡು ಅಮ್ಮ ಕ್ಷಮಿಸಿದಳು ಎಂದುಕೊಳ್ಳಬೇಡ. ಕ್ಷಮಿಸುವುದು ಅಂದರೆ ಬೆಳಗ್ಗೆ ಎದ್ದು ಏನು ಮಾಡಬೇಕು ಎಂದು ನನಗೆ ಗೊತ್ತಿಲ್ಲ. ನೋಡಲು ಬಾ ಎಂದರೆ ಬರುವ ಶಕ್ತಿ ಈಗ ಇಲ್ಲ. ಮುಂದೆ ಬರುತ್ತೇನೋ ಇಲ್ಲವೋ, ಅದನ್ನೂ ಹೇಳಲಾರೆ. ನಿನ್ನ ಮೇಲಿನ ಸಿಟ್ಟು ಎಲ್ಲಿಗೂ ಹೋಗಿಲ್ಲ. ಆದರೆ ಅದನ್ನು ಹಿಡಿದುಕೊಂಡೇ ಬೇರೆ ಒಂದು ಮಾತು ಕೇಳಬೇಕಾಗಿದೆ.

ಹೋದ ವಾರ ಫೋನು ತೆರೆದರೆ ಎಲ್ಲ ಖಾಲಿ. ಹೊಸ ಸೀಸನ್ನಿಗೆ ಎಲ್ಲರ ತಂಡವನ್ನೂ ಅಳಿಸುತ್ತಾರಂತೆ, ಪ್ರತಿ ವರ್ಷವೂ ಅಳಿಸುತ್ತಾರಂತೆ. ನಿಮ್ಮಪ್ಪನಿಗೂ ಇದು ಗೊತ್ತಿರಲಿಲ್ಲ. ನನ್ನದೇ ತಪ್ಪಿನಿಂದ ಹೋಯಿತು ಎಂದು ಎರಡು ದಿನ ಊಟ ಬಿಟ್ಟರು. ಅವನ ತಂಡದ ಹೆಸರನ್ನು ಬೆರಳಿನಿಂದ ಮೇಲೆ ಕೆಳಗೆ ಸರಿಸಿ ಹುಡುಕಿದೆ. ಎಲ್ಲೂ ಇಲ್ಲ.

ಹನ್ನೊಂದು ಜನರೂ ನನಗೆ ಬಾಯಿಗೆ ಬರುತ್ತಾರೆ. ಯಾರು ಯಾವ ಕಾಲಿನಲ್ಲಿ ಒದೆಯುತ್ತಾರೆ ಎಂದೂ ಬಲ್ಲೆ. ಅವರನ್ನೇ ಯಾಕೆ ಆರಿಸಿದ ಎಂಬುದು ಮಾತ್ರ ಗೊತ್ತಿಲ್ಲ. ಅಷ್ಟು ವಯಸ್ಸಾದ ಗೋಲ್‌ಕೀಪರ್ ಯಾಕೆ? ಯಾರೂ ಹೆಸರೇ ಕೇಳಿರದ ಕ್ಲಬ್ಬಿನ ಆ ಕುಳ್ಳ ಯಾಕೆ? ನಿಮ್ಮಪ್ಪನನ್ನು ಕೇಳಿದರೆ ಮುಖದಲ್ಲಿ ಕಳೆಯಿದೆ ಅದಕ್ಕಿರಬೇಕು ಎನ್ನುತ್ತಾರೆ. ಸೈಕಲ್ ಅಂಗಡಿಯವನು ಗೊತ್ತಿಲ್ಲ ಎಂದ. ಗೊತ್ತಿರುವವನು ನೀನೊಬ್ಬನೇ. ಒಂದೇ ಮಂಚದ ಮೇಲೆ ಬಿದ್ದುಕೊಂಡು ನೀವಿಬ್ಬರೂ ತಂಡ ಕಟ್ಟುತ್ತಿದ್ದಿರಿ. ಮಿಷಿನ್ನಿನ ಸದ್ದಿನಲ್ಲಿ ನನಗೆ ಮಾತು ಕೇಳುತ್ತಿರಲಿಲ್ಲ, ಬರೀ ನಗು ಕೇಳುತ್ತಿತ್ತು. ಅವನು ಏನು ಹೇಳುತ್ತಿದ್ದ, ನೀನು ಏನೆಂದೆ, ಯಾವುದಕ್ಕೆ ನಕ್ಕಿರಿ, ಅದೆಲ್ಲ ನನಗೆ ಬೇಕು.

ಒಂದೇ ಸಲ ಎಲ್ಲ ಬರೆದು ಮುಗಿಸಬೇಡ. ಒಂದು ಕಾಗದಕ್ಕೆ ಒಬ್ಬ ಸಾಕು. ನೆನಪಿಲ್ಲದ್ದನ್ನು ಕಟ್ಟಿ ಬರೆಯಬೇಡ, ನನಗೆ ತಿಳಿಯುತ್ತದೆ.

ಅಪ್ಪನ ಹೆಸರಿಗಲ್ಲ, ನನ್ನ ಹೆಸರಿಗೆ ಬರಿ. ಗೋಲ್‌ಕೀಪರ್‌ನಿಂದ ಶುರು ಮಾಡು.

ಅಮ್ಮ